ಲೋಕಲ್ ಟ್ರೇನಲ್ಲಿ ಕೂತು ಸ್ವೀಟ್ ರೊಮ್ಯಾನ್ಸ್ ಕಾದಂಬರಿ ಬರೆಯೋದು ಹೇಗೆ

ಪ್ರೇಮಕಥೆ ಬರೀಬೇಕು ಅಂತ ಆಸೆ ಇದೆ ಆದ್ರೆ ಟೈಮಿಲ್ಲ, ಟೈಮ್ ಸಿಕ್ರೆ ಕೂರೋಕೆ ಜಾಗ ಇಲ್ಲ, ಒನ್ ರೂಮ್ ಕಿಚನ್ ಮನೇಲಿ ಅತ್ತೆ ಸೀರಿಯಲ್ಲು, ಮಗಳ ಟ್ಯೂಷನ್ನು, ಕುಕ್ಕರ್ ಸೀಟಿ ಎಲ್ಲಾ ಒಟ್ಟಿಗೇ, ಇದರ ನಡುವೆ ರೊಮ್ಯಾನ್ಸ್ ಎಲ್ಲಿಂದ ತರೋದು ಅಂತ ನಮ್ಮ ಮುಂಬೈ ಕನ್ನಡದೋರು ಸಿಕ್ಕಾಗೆಲ್ಲ ಕೇಳ್ತಾರೆ. ನಾನು ಹೇಳೋದು ಇಷ್ಟೇ, ಈ ಊರಲ್ಲಿ ಪ್ರೀತಿ ಮಾಡೋ ಇಬ್ಬರಿಗೂ ಕೂರೋಕೆ ಜಾಗ ಇಲ್ಲ, ಅವರ ಕಥೆ ಬರೆಯೋರಿಗೂ ಇಲ್ಲ, ಹಾಗಾಗಿ ಅವರ ಕಷ್ಟ ಏನು ಅಂತ ನಿಮಗೆ ಯಾರೂ ಹೇಳ್ಕೊಡಬೇಕಾಗಿಲ್ಲ. ಹತ್ತು ಜನರ ಮಧ್ಯೆ ಇಬ್ಬರು ಒಬ್ಬರಿಗೊಬ್ಬರು ಏನೋ ಹೇಳ್ಕೊಳ್ತಿದಾರೆ, ಉಳಿದ ಎಂಟು ಜನಕ್ಕೆ ಗೊತ್ತಾಗ್ತಿಲ್ಲ, ಸ್ವೀಟ್ ರೊಮ್ಯಾನ್ಸ್ ಅಂದ್ರೆ ಮುಕ್ಕಾಲು ಭಾಗ ಅದೇ. ಮುಂಬೈಯಲ್ಲಿ ಇರೋದೂ ಅದೇ. ನಾನು ಡೊಂಬಿವ್ಲಿಯಿಂದ ದಾದರ್ ಕಡೆ ಕೆಲಸಕ್ಕೆ ಹೋಗಿ ಬರ್ತಾ ಬರೀತೀನಿ, ಹೆಂಗೆ ಬರೀತೀನಿ ಅಂತ ಹೆಜ್ಜೆ ಹೆಜ್ಜೆಯಾಗಿ ಹೇಳ್ತೀನಿ, ಬೇಕಾದ್ದು ತಗೊಳ್ಳಿ ಬೇಡದ್ದು ಬಿಡಿ.

ಹೆಜ್ಜೆ 1: ಓದುಗರಿಗೆ ಏನು ಮಾತು ಕೊಡ್ತಿದೀವಿ ಅಂತ ಗೊತ್ತಿರಲಿ

ಈ ಥರ ಕಾದಂಬರಿಗೆ ಎರಡೇ ಷರತ್ತು. ಪ್ರೀತಿನೇ ಮುಖ್ಯ ಕಥೆ ಆಗಿರಬೇಕು, ಕೊನೇಲಿ ಇಬ್ಬರೂ ಒಂದಾಗಬೇಕು ಅಥವಾ ಒಂದಾಗ್ತಾರೆ ಅನ್ನೋ ಭರವಸೆ ಗಟ್ಟಿಯಾಗಿ ಸಿಗಬೇಕು. ಅದರ ಮೇಲೆ ‘ಸ್ವೀಟ್’ ಅಂದ್ರೆ ಬೆಡ್‌ರೂಮ್ ಬಾಗಿಲು ಹಾಕಿರುತ್ತೆ, ನಾವು ಹೊರಗೇ ನಿಂತಿರ್ತೀವಿ. ಕೊನೆ ಗೊತ್ತಿದ್ಮೇಲೆ ಯಾರು ಓದ್ತಾರೆ ಅಂತ ಮೂಗು ಮುರಿಯೋರು ಇರ್ತಾರೆ. ಅವರಿಗೆ ಯಕ್ಷಗಾನ ನೋಡೋರನ್ನ ತೋರಿಸಿ, ಕೊನೇಲಿ ಯಾರು ಸಾಯ್ತಾರೆ ಅಂತ ಗೊತ್ತಿದ್ದೂ ಬೆಳಗಿನ ಜಾವದ ತನಕ ಕೂರ್ತಾರಲ್ಲ. ಏನಾಗುತ್ತೆ ಅನ್ನೋದಕ್ಕಲ್ಲ, ಹೆಂಗಾಗುತ್ತೆ ಅನ್ನೋದಕ್ಕೆ ಕೂರೋದು.

ಉದ್ದ ಎಷ್ಟು? ಇಂಗ್ಲಿಷಲ್ಲಿ ಈ ವ್ಯಾಪಾರವನ್ನ ಒಂದು ಪದ್ಧತಿಗೆ ತಂದಿದ್ದು ಮಿಲ್ಸ್ ಅಂಡ್ ಬೂನ್, 1908ರಲ್ಲಿ ಲಂಡನ್ನಲ್ಲಿ ಶುರುವಾದಾಗ ಅವರು ಎಲ್ಲಾ ಥರದ ಪುಸ್ತಕ ಹಾಕ್ತಿದ್ರು, 1930ರ ದಶಕದಲ್ಲಿ ರೊಮ್ಯಾನ್ಸೇ ನಮ್ಮ ದಾರಿ ಅಂತ ಹಿಡ್ಕೊಂಡ್ರು, 1971ರಲ್ಲಿ ಕೆನಡಾದ ಹಾರ್ಲೆಕ್ವಿನ್ ಕೊಂಡ್ಕೊಳ್ತು. ಅಲ್ಲಿ ಸುಮಾರು 50,000 ಪದ ಅನ್ನೋದು ಮಾಮೂಲಿ ಅಳತೆ. ನಮ್ಮ ಕನ್ನಡದಲ್ಲಿ ಪದಗಳು ಒಂದಕ್ಕೊಂದು ಅಂಟ್ಕೊಂಡು ಬರೋದ್ರಿಂದ ಅಷ್ಟೇ ಕಥೆಗೆ ಲೆಕ್ಕ ಕಮ್ಮಿ ಬರುತ್ತೆ, ಆ 50,000ದ ಹಿಂದೆ ಬೀಳಬೇಡಿ. ಅಧ್ಯಾಯದ ಲೆಕ್ಕ ಇಟ್ಕೊಳ್ಳಿ, 24 ಅಧ್ಯಾಯ, ಒಂದೊಂದು 1,200 ಪದದ ಆಸುಪಾಸು, ಮೊದಲ ಕಾದಂಬರಿಗೆ ಧಾರಾಳ ಸಾಕು. ಒಂದು ಅಧ್ಯಾಯ ಅಂದ್ರೆ ಒಂದು ಸಲ ಹೋಗಿ ಬರೋ ಲೋಕಲ್ ಪ್ರಯಾಣದಲ್ಲಿ ಓದಿ ಮುಗಿಸೋ ಹಂಗೆ, ಬರೆಯೋಕೆ ಮಾತ್ರ ವಾರ ಹಿಡಿಯುತ್ತೆ ಅನ್ನೋದು ಬೇರೆ ವಿಷಯ.

ಹೆಜ್ಜೆ 2: ಸೀಟು ಹಿಡೀರಿ

ನಿಜವಾಗ್ಲೂ ಸೀಟು. ಫಾಸ್ಟ್ ಲೋಕಲ್ ಬಿಡಿ, ಎಲ್ಲಾ ಸ್ಟೇಷನ್ನಲ್ಲೂ ನಿಲ್ಲೋ ಸ್ಲೋ ಹತ್ತಿ. ಡೊಂಬಿವ್ಲಿಯಿಂದ ದಾದರ್‌ಗೆ ಸ್ಲೋನಲ್ಲಿ ಹತ್ತಿರ ಹತ್ತಿರ ಒಂದು ಗಂಟೆ, ಫಾಸ್ಟಲ್ಲಿ ಉಳಿಸೋ ಟೈಮಲ್ಲಿ ನೀವು ಮನೇಲಿ ಏನೂ ಬರೆಯಲ್ಲ ಅಂತ ನಿಮಗೂ ಗೊತ್ತು ನನಗೂ ಗೊತ್ತು. ಸೀಟ್ ಸಿಗಲ್ಲ ಅಂದ್ರೆ ಎಲ್ಲರೂ ಮಾಡೋ ಉಪಾಯ ಮಾಡಿ, ಉಲ್ಟಾ ಕಲ್ಯಾಣ್ ಸ್ಟೇಷನ್ನಿಗೆ ಹೋಗಿ ಅಲ್ಲಿಂದ ಕೂತ್ಕೊಂಡು ಬನ್ನಿ, ಪಾಸ್ ಮಾತ್ರ ಕಲ್ಯಾಣದಿಂದಲೇ ಮಾಡಿಸಿರಿ, ಇಲ್ಲಾಂದ್ರೆ ಟಿಸಿ ಕೈಗೆ ಸಿಕ್ಕಿ ರೊಮ್ಯಾನ್ಸೆಲ್ಲ ಇಳಿದುಹೋಗುತ್ತೆ. ಫೋರ್ತ್ ಸೀಟಲ್ಲಿ, ಅಂದ್ರೆ ಮೂರು ಜನರ ಸೀಟಲ್ಲಿ ನಾಲ್ಕನೆಯೋರಾಗಿ, ಅರ್ಧ ಕೂತು ಬರೆಯೋಕಾಗಲ್ಲ, ಅಲ್ಲಿ ಬರೀ ಯೋಚನೆ ಮಾಡಿ.

ಟ್ರೇನಲ್ಲಿ ಬರೆಯೋದು ಅಂದ್ರೆ ಏನೋ ಬಡವರ ಕೆಲಸ ಅಂತ ಅನ್ಕೋಬೇಡಿ. 19ನೇ ಶತಮಾನದ ಇಂಗ್ಲೆಂಡಲ್ಲಿ ಆಂಟನಿ ಟ್ರಾಲಪ್ ಅಂತ ಒಬ್ಬ ಕಾದಂಬರಿಕಾರ ಇದ್ದ, ಕೆಲಸ ಪೋಸ್ಟ್ ಆಫೀಸು, ಊರೂರು ಸುತ್ತಬೇಕಿತ್ತು. ಆತ ರೈಲಲ್ಲಿ ತೊಡೆ ಮೇಲೆ ಒಂದು ಹಲಗೆ ಥರದ್ದು ಇಟ್ಕೊಂಡು ಪೆನ್ಸಿಲ್ಲಲ್ಲಿ ಬರೀತಿದ್ದ, ಮನೇಲಿ ಹೆಂಡ್ತಿ ಅದನ್ನ ನೀಟಾಗಿ ನಕಲು ಮಾಡ್ತಿದ್ಲು. ಮನೇಲಿದ್ದಾಗ ಬೆಳಗ್ಗೆ ಐದೂವರೆಗೆ ಕೂತು, ಎದುರಿಗೆ ಗಡಿಯಾರ ಇಟ್ಟು, ಕಾಲು ಗಂಟೆಗೆ 250 ಪದ ಅಂತ ಲೆಕ್ಕ. ಇದೆಲ್ಲ ತನ್ನ ಆತ್ಮಕಥೆಯಲ್ಲಿ ತಾನೇ ಬರ್ಕೊಂಡಿದಾನೆ. (ಆ ನಕಲು ಮಾಡಿದ ಹೆಂಡ್ತಿ ಬಗ್ಗೆ ಯಾರಾದ್ರೂ ಕಾದಂಬರಿ ಬರೀಬೇಕು, ಆದ್ರೆ ಅದು ಸ್ವೀಟ್ ಆಗಿರೋದು ಡೌಟು.)

ನಮಗೆ ಹಲಗೆ ಬದಲು ಫೋನಿದೆ. ಫೋನಲ್ಲಿ ಕನ್ನಡ ಕೀಬೋರ್ಡ್ ಹಾಕ್ಕೊಳ್ಳಿ, ಇಂಗ್ಲಿಷ್ ಅಕ್ಷರದಲ್ಲಿ ಟೈಪಿಸಿ ಆಮೇಲೆ ಕನ್ನಡ ಮಾಡ್ತೀನಿ ಅನ್ನೋದು ಎರಡೆರಡು ಕೆಲಸ. ನೋಟ್ಸ್ ಆಫ್‌ಲೈನಲ್ಲಿ ಸೇವ್ ಆಗೋ ಹಂಗೆ ಇರಲಿ. ಟ್ರೇನಲ್ಲಿ ವರ್ಣನೆ ಬರೀಬೇಡಿ, ಬರೀ ಮಾತುಕತೆ ಬರೀರಿ, ಯಾಕಂದ್ರೆ ಸುತ್ತ ಹೆಂಗಸರು ಮಾತಾಡ್ತಾನೇ ಇರ್ತಾರೆ, ಲೇಡೀಸ್ ಡಬ್ಬಾದಲ್ಲಿ ಅವರೆಕಾಳು ಸುಲೀತಾ ಸೊಸೆ ಬಗ್ಗೆ ಮಾತಾಡೋ ರಿದಮ್ ಇದ್ಯಲ್ಲ ಅದು ಕಿವಿಗೆ ಬಿದ್ರೆ ನಿಮ್ಮ ಡೈಲಾಗು ತಾನಾಗೇ ನೆಟ್ಟಗಾಗುತ್ತೆ. ವರ್ಣನೆ, ಮನಸ್ಸಿನ ಮಾತು ಎಲ್ಲಾ ರಾತ್ರಿ ಪಾತ್ರೆ ತೊಳೆಯುವಾಗ ವಾಯ್ಸ್ ಟೈಪಿಂಗ್‌ಗೆ ಹೇಳಿ. ನಾಚಿಕೆ ಆಗುತ್ತೆ, ಒಪ್ತೀನಿ, ‘ಅವನ ಬೆರಳು ತಾಗಿದಾಗ’ ಅಂತ ಜೋರಾಗಿ ಹೇಳುವಾಗ ಅತ್ತೆ ತಿರುಗಿ ನೋಡ್ತಾರೆ, ಆದ್ರೆ ಬಾರ್ಬರಾ ಕಾರ್ಟ್‌ಲ್ಯಾಂಡ್ ನೂರಾರು ಪ್ರೇಮ ಕಾದಂಬರಿಗಳನ್ನ ಸೋಫಾ ಮೇಲೆ ಮಲಗಿ ಸೆಕ್ರೆಟರಿಗೆ ಹೇಳಿ ಬರೆಸಿದ್ದು, ನಮ್ಮ ಸೆಕ್ರೆಟರಿ ಫೋನು, ಅಷ್ಟೇ ವ್ಯತ್ಯಾಸ. ವಾಯ್ಸ್ ಟೈಪಿಂಗಲ್ಲಿ ಒತ್ತಕ್ಷರ ಎಡವಟ್ಟಾಗುತ್ತೆ, ಅದನ್ನ ಅವತ್ತೇ ತಿದ್ದಿ, ವಾರ ಬಿಟ್ಟು ನೋಡಿದ್ರೆ ನೀವೇನು ಹೇಳಿದ್ರಿ ಅಂತ ನಿಮಗೇ ಗೊತ್ತಾಗಲ್ಲ.

ಬರೆದು ನಿಲ್ಲಿಸುವಾಗ ಸೀನ್ ಪೂರ್ತಿ ಮಾಡಿ ನಿಲ್ಲಿಸಬೇಡಿ. ಮುಂದಿನ ಮಾತು ಯಾರದ್ದು ಅಂತ ಗೊತ್ತಿರುವಾಗಲೇ, ವಾಕ್ಯದ ಮಧ್ಯೆ ಸ್ಟೇಷನ್ ಬಂದ್ರೂ ಪರವಾಗಿಲ್ಲ, ಬಿಟ್ಟು ಇಳೀರಿ. ಮರುದಿನ ಶುರು ಮಾಡೋ ಒದ್ದಾಟ ಇರಲ್ಲ.

ಹೆಜ್ಜೆ 3: ಹೀರೋಗೆ ಒಂದು ಕೆಲಸ ಕೊಡಿ, ಎಂ.ಡಿ. ಮಾಡಬೇಡಿ

ಕಂಪನಿ ಎಂ.ಡಿ., ಕೋಟ್ಯಧಿಪತಿ, ಯಾವಾಗ ನೋಡಿದ್ರೂ ಸಿಟ್ಟು, ಆಫೀಸಲ್ಲಿ ಮಾಡೋ ಕೆಲಸ ಮಾತ್ರ ಏನೂ ಕಾಣ್ಸಲ್ಲ, ಇಂಥ ಹೀರೋ ಕಥೆ ಓದೋ ಆಪ್‌ಗಳಲ್ಲಿ ಸಾವಿರ ಸಿಗ್ತಾರೆ. ನಮ್ಮ ಸುತ್ತ ನೋಡಿ. ಮಾಟುಂಗಾದ ಉಡುಪಿ ಹೋಟ್ಲಲ್ಲಿ ಗಲ್ಲಾ ಮೇಲೆ ಕೂರೋ ಹುಡುಗ, ಹಗಲು ಕ್ಯಾಂಟೀನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿ ಬ್ಯಾಂಕ್ ಸೇರಿದವರ ಮಗಳು, ಫೋರ್ಟಲ್ಲಿ ಸಿಎ ಆರ್ಟಿಕಲ್‌ಶಿಪ್ ಮಾಡೋಳು, ಕಲೀನಾದ ಮುಂಬೈ ಯೂನಿವರ್ಸಿಟಿಯಲ್ಲಿ ಕನ್ನಡ ಎಂ.ಎ. ಮಾಡೋ ನಲವತ್ತೈದರ ಹೆಂಗಸು, ಹೌದು ನಲವತ್ತೈದಕ್ಕೂ ಪ್ರೀತಿ ಆಗುತ್ತೆ, ಆ ಥರ ಕಥೆ ಓದೋಕೆ ಜನ ಕಾಯ್ತಿದಾರೆ.

ಕೆಲಸ ಕೊಟ್ಮೇಲೆ ಆ ಕೆಲಸದ ಒಂದು ದಿನ ನಿಮಗೆ ಪೂರ್ತಿ ಗೊತ್ತಿರಬೇಕು. ಹೋಟ್ಲು ಅಂದ್ರೆ ಬೆಳಗ್ಗೆ ಎಷ್ಟಕ್ಕೆ ಹಿಟ್ಟು ಬರುತ್ತೆ, ಭಟ್ರು ಯಾವಾಗ ಸಿಡಿಮಿಡಿ ಅಂತಾರೆ, ಮಧ್ಯಾಹ್ನ ಯಾವ ಹೊತ್ತಲ್ಲಿ ಟೇಬಲ್ ಖಾಲಿ ಇರುತ್ತೆ. ಸುಮ್ನೆ ಹೋಗಿ ಕೂತ್ಕೊಂಡು ಕಾಫಿ ಕುಡೀರಿ, ಗಲ್ಲಾದೋರನ್ನ ಊರ ಭಾಷೆಯಲ್ಲಿ ಮಾತಾಡ್ಸಿ, ರಶ್ ಇಲ್ದಾಗ ಅವರೇ ಎಲ್ಲಾ ಹೇಳ್ತಾರೆ, ಬೇಡಾಂದ್ರೂ ಹೇಳ್ತಾರೆ. ಹೆಸರು ಮಾತ್ರ ಬದಲಾಯಿಸಿ.

ಹೆಜ್ಜೆ 4: ಅಡ್ಡಿ ಗಟ್ಟಿ ಇರಲಿ (ಇಲ್ಲಿ ನಿಧಾನವಾಗಿ ಓದಿ)

ಹತ್ತರಲ್ಲಿ ಎಂಟು ಕಾದಂಬರಿ ಬೀಳೋದು ಇಲ್ಲೇ. ಅವಳು ಅವನನ್ನ ಇನ್ಯಾವಳ ಜೊತೆಗೋ ನೋಡಿದ್ಲು, ತಪ್ಪು ತಿಳ್ಕೊಂಡ್ಲು, ಫೋನ್ ಬ್ಲಾಕ್ ಮಾಡಿದ್ಲು, ಹತ್ತು ಅಧ್ಯಾಯ ಆದ್ಮೇಲೆ ಆಕೆ ಅವನ ಚಿಕ್ಕಪ್ಪನ ಮಗಳು ಅಂತ ಗೊತ್ತಾಯ್ತು. ಒಂದು ಫೋನ್ ಕಾಲಲ್ಲಿ ಮುಗಿಯೋದು ಅಡ್ಡಿಯೇ ಅಲ್ಲ. ಇಬ್ಬರೂ ಎದುರು ಬದುರು ಕೂತು, ಎಲ್ಲಾ ಸತ್ಯ ಹೇಳ್ಕೊಂಡು, ಆಗ್ಲೂ ಬಗೆಹರಿಯದಿದ್ರೆ ಅದು ಅಡ್ಡಿ.

ಒಂದು ಕಥೆ ಕಟ್ಟಿ ನೋಡೋಣ. ಮಾನಸಾ, ಚೆಂಬೂರಲ್ಲಿ ಒಂದು ಪೆಥಾಲಜಿ ಲ್ಯಾಬಲ್ಲಿ ಟೆಕ್ನೀಶಿಯನ್, ಅಪ್ಪ ಇಲ್ಲ, ಅಮ್ಮನ ಜೊತೆ ಬಾಡಿಗೆ ಚಾಳಲ್ಲಿ ಬೆಳೆದವಳು, ಈಗಷ್ಟೇ ಬದ್ಲಾಪುರದಲ್ಲಿ ಅಮ್ಮನ ಹೆಸರು ಸೇರಿಸಿ ಒಂದು ಫ್ಲ್ಯಾಟ್ ತಗೊಂಡಿದಾಳೆ, 20 ವರ್ಷದ ಹೋಮ್ ಲೋನು. ಪ್ರಶಾಂತ, ಕುಂದಾಪುರ ಕಡೆಯೋನು, ಮಾವನ ಹೋಟ್ಲಲ್ಲಿ ಗಲ್ಲಾ ನೋಡ್ಕೊಳ್ತಾನೆ, ಮಾವ ಹೋಟ್ಲು ಮಾರಿ ಊರಿಗೆ ಹೋಗೋಣ ಅಂತಿದಾರೆ, ಇವನಿಗೂ ಹೋಗೋಕೆ ಮನಸ್ಸಿದೆ, ಅಜ್ಜಿ ಒಬ್ಬರೇ ಇದಾರೆ. ಈಗ ನೋಡಿ, ಯಾರೂ ಕೆಟ್ಟೋರಲ್ಲ, ಯಾರೂ ಸುಳ್ಳು ಹೇಳಿಲ್ಲ. ಅವಳಿಗೆ ಬದುಕಲ್ಲಿ ಮೊದಲ ಸಲ ಸ್ವಂತ ಬಾಗಿಲು ಸಿಕ್ಕಿದೆ, ಬಿಟ್ಟು ಬಾ ಅನ್ನೋದು ಅನ್ಯಾಯ. ಅವನಿಗೆ ಅಜ್ಜಿನ ಬಿಟ್ಟು ಇಲ್ಲೇ ಇರು ಅನ್ನೋದೂ ಅನ್ಯಾಯ. ಇಬ್ಬರದ್ದೂ ಸರಿ ಇದ್ದಾಗ ಓದೋರಿಗೆ ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತೆ, ಪುಟ ತಿರುಗಿಸೋದು ಆ ಸಂಕಟಕ್ಕೆ.

ಕೊನೆ ಹೆಂಗೆ? ಮೊದಲು ಹೊಳೆಯೋದು, ಅವಳು ಲ್ಯಾಬ್ ಕೆಲಸ ಬಿಟ್ಟು ಫ್ಲ್ಯಾಟ್ ಬಾಡಿಗೆಗೆ ಕೊಟ್ಟು ಅವನ ಹಿಂದೆ ಹೋಗ್ತಾಳೆ. ಹಳೇ ಕಾಲದಲ್ಲಿ ಇದು ನಡೀತಿತ್ತು, ಈಗ ನನ್ನ ಓದುಗರು ಚಪ್ಪಲಿ ಹುಡುಕ್ತಾರೆ. ಎರಡನೇದು, ಮಾವ ಕೊನೇ ಗಳಿಗೇಲಿ ಹೋಟ್ಲು ಮಾರಲ್ಲ ಅಂತಾರೆ. ಇದು ಲೇಖಕಿಯ ಸೋಮಾರಿತನ, ಕಷ್ಟ ತಂದಿದ್ದೂ ಅವರೇ ತೆಗೆದಿದ್ದೂ ಅವರೇ, ಹುಡುಗ ಹುಡುಗಿ ಮಾಡಿದ್ದೇನು? ಮೂರನೇದು ಹುಡುಕೋಕೆ ಅಜ್ಜಿ ಹತ್ರ ವಾಪಸ್ ಹೋಗಬೇಕು. ಪ್ರಶಾಂತನಿಗೆ ಬೇಕಿರೋದು ಊರೋ ಅಜ್ಜಿಯೋ? ಅಜ್ಜಿ ಅಂದ್ರೆ, ಅಜ್ಜಿಗೆ ಏನು ಬೇಕು ಅಂತ ಯಾರಾದ್ರೂ ಕೇಳಿದ್ರಾ? ಆ ಅಜ್ಜಿ ಹಿಂದೆ ಅಜ್ಜನ ಜೊತೆ ಇದೇ ಮುಂಬೈಯಲ್ಲಿ ಮೆಸ್ಸು ನಡೆಸಿದೋಳು ಅಂತ ಮೂರನೇ ಅಧ್ಯಾಯದಲ್ಲೇ ಒಂದು ಸಾಲು ಬಿಟ್ಟಿರಿ, ಹಪ್ಪಳದ ಮಾತಿನ ನಡುವೆ, ಯಾರ ಕಣ್ಣಿಗೂ ಬೀಳದ ಹಂಗೆ. ಕೊನೇಲಿ ಬದ್ಲಾಪುರದಲ್ಲಿ ಒಂದು ಚಿಕ್ಕ ಅಡಿಗೆಮನೆ ಬಾಡಿಗೆಗೆ ತಗೊಂಡು, ಹೋಟ್ಲಿನ ಹಳೇ ಭಟ್ರನ್ನ ಕರ್ಕೊಂಡು, ಡಬ್ಬಾ ಊಟದ ಕೆಲಸ ಶುರು ಮಾಡೋಣ ಅಂತ ಪ್ರಶಾಂತ ಹೊರಡ್ತಾನೆ, ಅಜ್ಜಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಲ್ಲಿ ಬಂದು ಇಳೀತಾಳೆ, ಕೈಯಲ್ಲಿ ಹಪ್ಪಳ ಅಂತ ಎಲ್ಲರೂ ಅಂದ್ಕೊಂಡ ಗಂಟು ಬಿಚ್ಚಿದ್ರೆ ಮೆಸ್ಸಿನ ಲೆಕ್ಕದ ಪುಸ್ತಕ. ಯಾರೂ ಪೂರ್ತಿ ಸೋಲಲಿಲ್ಲ, ಎಲ್ಲರೂ ಸ್ವಲ್ಪ ಸ್ವಲ್ಪ ಜರುಗಿ ಕೂತ್ರು, ಲೋಕಲಲ್ಲಿ ನಾಲ್ಕನೆಯೋರಿಗೆ ಜಾಗ ಕೊಡ್ತೀವಲ್ಲ ಹಂಗೆ.

ಈ ಕೊನೆ ನೀವು ಮೊದಲ ಅಧ್ಯಾಯ ಬರೆಯೋಕೆ ಮುಂಚೆ ಒಂದು ಪುಟದಲ್ಲಿ ಬರೆದಿಡಬೇಕು. ಬರೀತಾ ಬದಲಾದ್ರೆ ಬದಲಾಗ್ಲಿ, ಆದ್ರೆ ಇಲ್ದೇ ಹೊರಡಬೇಡಿ.

ಒಂದು ಕಿವಿಮಾತು. ಬೇಡ ಅಂದ ಹುಡುಗಿಯ ಹಿಂದೆ ದಿನಾ ಸ್ಟೇಷನ್ ತನಕ ಬರೋನು ಹೀರೋ ಅಲ್ಲ. ಲೇಡೀಸ್ ಡಬ್ಬಾದಲ್ಲಿ ಕೂತು ಓದೋರಿಗೆ ಅಂಥೋರು ಯಾರು ಅಂತ ಚೆನ್ನಾಗೇ ಗೊತ್ತು, 1992ರಲ್ಲಿ ಚರ್ಚ್‌ಗೇಟ್ ಬೊರಿವಲಿ ನಡುವೆ ಬರೀ ಹೆಂಗಸರಿಗೆ ಅಂತಲೇ ಇಡೀ ಟ್ರೇನ್ ಬಿಟ್ಟ ಊರಿದು. ಅವಳು ಒಂದು ಸಲ ಬೇಡ ಅಂದ್ರೆ ಅವನು ನಿಲ್ಲಬೇಕು, ಮುಂದಿನ ಹೆಜ್ಜೆ ಅವಳದ್ದಾಗಿರಬೇಕು.

ಹೆಜ್ಜೆ 5: ಹೃದಯ ಡವಡವ ಅನ್ನೋದನ್ನ ಬಿಡಿ, ಕೈ ಏನು ಮಾಡ್ತಿದೆ ನೋಡಿ

ಮೊದಲ ಡ್ರಾಫ್ಟಲ್ಲಿ ಎಲ್ಲರೂ ಬರೆಯೋದು ಹಿಂಗೆ:

“ಪ್ರಶಾಂತನನ್ನು ನೋಡಿದ ಕೂಡಲೇ ಮಾನಸಾಳ ಹೃದಯ ಡವಡವನೆ ಹೊಡೆದುಕೊಂಡಿತು. ಅವನ ಕಣ್ಣುಗಳಲ್ಲಿ ಅವಳು ಕಳೆದುಹೋದಳು. ಕಾಲವೇ ನಿಂತಂತಾಯಿತು.”

ಇದರಲ್ಲಿ ಮಾನಸಾನೂ ಇಲ್ಲ ಪ್ರಶಾಂತಾನೂ ಇಲ್ಲ, ಬೇರೆ ಯಾವ ಇಬ್ಬರ ಹೆಸರು ಹಾಕಿದ್ರೂ ನಡೆಯುತ್ತೆ. ಈಗ ಇದೇ ಇಬ್ಬರನ್ನ ಅದೇ ಹೋಟ್ಲಲ್ಲಿ ಕೂರಿಸಿ:

“ಮಳೆಯಲ್ಲಿ ನೆನೆದು ಬಂದವಳಿಗೆ ಸಿಕ್ಕಿದ್ದು ಫ್ಯಾನಿನ ಕೆಳಗಿನ ಕುರ್ಚಿ. ಎದುರಿಗೆ ಗುರುತಿಲ್ಲದ ಇಬ್ಬರು ದೋಸೆ ಮುಗಿಸುವ ಗಡಿಬಿಡಿಯಲ್ಲಿದ್ದರು. ಮಾನಸಾ ದುಪಟ್ಟಾ ಹಿಂಡಿ ತೋಳು ಉಜ್ಜಿಕೊಂಡಳು. ಫ್ಯಾನ್ ನಿಂತಿತು.

‘ಅರೆ, ಪಂಖಾ ಕ್ಯೂಂ ಬಂದ್ ಕಿಯಾ?’ ಎದುರಿನವರು ಕೂಗಿದರು.

‘ಖರಾಬ್ ಹೋ ಗಯಾ ಸಾಬ್.’ ಗಲ್ಲಾದ ಹಿಂದಿನಿಂದ ಪ್ರಶಾಂತ ತಲೆಯೆತ್ತದೆ ಹೇಳಿದ.

ಕಾಫಿ ಕುಡಿದು, ದುಡ್ಡು ಕೊಟ್ಟು, ಮೆಟ್ಟಿಲಿಳಿದ ಮೇಲೆ ಅವಳಿಗೆ ಕೊಡೆಯ ನೆನಪಾಯಿತು. ತಿರುಗಿ ಒಳಗೆ ಬಂದಳು. ಫ್ಯಾನ್ ಭರ್ರೆಂದು ತಿರುಗುತ್ತಿತ್ತು. ಪ್ರಶಾಂತ ಬಿಲ್ಲುಗಳನ್ನು ಎಣಿಸುತ್ತಿದ್ದ, ಆಗಲೇ ಎಣಿಸಿಟ್ಟ ಕಟ್ಟನ್ನು.”

ಅವನು ಏನೂ ಹೇಳಿಲ್ಲ, ಅವಳು ಏನೂ ಕೇಳಿಲ್ಲ, ಹೋಟ್ಲು ತುಂಬ ಜನ. ಆದ್ರೆ ಮುಂದಿನ ಅಧ್ಯಾಯದಲ್ಲಿ ಅವಳು ಎರಡು ಸ್ಟೇಷನ್ ಹೆಚ್ಚು ಹೋಗಿ ಅಲ್ಲೇ ಕಾಫಿ ಕುಡಿಯೋಕೆ ಬಂದ್ರೆ ಯಾರೂ ಯಾಕೆ ಅಂತ ಕೇಳಲ್ಲ. ಗಮನಿಸಿ, ಅವನು ಮಾಡಿದ್ದರಲ್ಲಿ ಅವನಿಗೊಂದು ಸಣ್ಣ ನಷ್ಟ ಇದೆ, ಫ್ಯಾನ್ ಕೆಟ್ಟಿದೆ ಅಂತ ಸುಳ್ಳು ಹೇಳಿ ಗಿರಾಕಿ ಹತ್ರ ಬೈಸ್ಕೊಂಡ. ಗುಲಾಬಿ ಕೊಡೋದಕ್ಕೆ ಮಾಟುಂಗಾ ಸ್ಟೇಷನ್ ಹೊರಗೆ ಹೂವಿನ ಅಂಗಡಿ ಸಾಲೇ ಇದೆ, ದುಡ್ಡು ಕೊಟ್ರೆ ಯಾರಿಗಾದ್ರೂ ಸಿಗುತ್ತೆ. ಬೈಸ್ಕೊಳ್ಳೋದು ಯಾರಿಗೂ ಬೇಡ.

ಪ್ರತಿ ಎರಡು ಮೂರು ಅಧ್ಯಾಯಕ್ಕೆ ಇಂಥದ್ದೊಂದು ಬೇಕು. ಡೈರಿ ಹಿಂದೆ ಒಂದು ಪುಟ ಇದಕ್ಕೇ ಬಿಡಿ, ದಾರಿಯಲ್ಲಿ ಕಂಡಿದ್ದೆಲ್ಲ ಬರ್ಕೊಳ್ಳಿ. ಫಸ್ಟ್ ಕ್ಲಾಸಲ್ಲಿ ಲೇಡೀಸ್‌ಗೂ ಜೆಂಟ್ಸ್‌ಗೂ ನಡುವೆ ಜಾಲರಿ ಇರುತ್ತಲ್ಲ, ಒಂದಿನ ಅದರ ಸಂದಿಯಿಂದ ಗಂಡ ಹೆಂಡ್ತಿಗೆ ಒಂದೊಂದೇ ಶೇಂಗಾ ದಾಟಿಸ್ತಿದ್ದ. ನಾನಿನ್ನೂ ಅದನ್ನ ಕಥೆಗೆ ಹಾಕಿಲ್ಲ, ನೀವು ಹಾಕ್ಕೊಳ್ಳಿ.

ಹೆಜ್ಜೆ 6: ಯಾವ ಕನ್ನಡ, ಯಾವ ಮರ್ಯಾದೆ

ನಿರೂಪಣೆ ನೀವು ಆರಾಮಾಗಿ ಬರೆಯೋ ಕನ್ನಡದಲ್ಲಿರಲಿ, ಮಾತು ಮಾತ್ರ ಅವರವರದ್ದು. ನಮ್ಮೋರ ಮನೇಲಿ ತುಳು, ಕೊಂಕಣಿ, ಕುಂದಗನ್ನಡ, ಹೊರಗೆ ಹಿಂದಿ, ಬಿಲ್ಡಿಂಗಲ್ಲಿ ಮರಾಠಿ. ಎಲ್ಲಾ ತುರುಕಬೇಡಿ. ಸಿಟ್ಟಲ್ಲಿ, ತಮಾಷೆಯಲ್ಲಿ, ಮಗೂನ ಮುದ್ದು ಮಾಡುವಾಗ ಒಂದೊಂದು ಮಾತು ಸಾಕು, ಅರ್ಥ ಪಕ್ಕದ ವಾಕ್ಯದಿಂದಲೇ ತಿಳೀಬೇಕು.

ಅದಕ್ಕಿಂತ ಮುಖ್ಯ, ಇಬ್ಬರೂ ಒಬ್ಬರನ್ನೊಬ್ಬರು ಯಾವಾಗ ‘ನೀವು’ ಬಿಟ್ಟು ‘ನೀನು’ ಅಂತಾರೆ ಅನ್ನೋದು. ಇಂಗ್ಲಿಷ್ ರೊಮ್ಯಾನ್ಸಲ್ಲಿ ಈ ಸೌಲಭ್ಯ ಇಲ್ಲ ಪಾಪ. ಇದು ಯಾವ ಅಧ್ಯಾಯದಲ್ಲಿ, ಯಾರ ಬಾಯಿಂದ ಮೊದಲು ಅಂತ ಪ್ಲ್ಯಾನಲ್ಲೇ ಗುರುತು ಹಾಕಿ, ನಾನಾದ್ರೆ 14 ಅಥವಾ 15ನೇದರಲ್ಲಿ, ಜಗಳದ ನಡುವೆ ಬಾಯಿ ತಪ್ಪಿ ಬರೋ ಹಂಗೆ ಇಡ್ತೀನಿ. ಆಮೇಲೆ ಮುನಿಸಿಕೊಂಡಾಗ ಅವಳು ತಣ್ಣಗೆ ‘ನೀವು’ಗೆ ವಾಪಸ್ ಹೋದ್ರೆ ಒಂದು ಪುಟದ ಅಳು ಬರೆಯೋ ಕೆಲಸ ಉಳಿಯುತ್ತೆ. ಈ ಗುರುತು ಇಲ್ದೇ ಬರೆದ್ರೆ ಐದನೇ ಅಧ್ಯಾಯದಲ್ಲಿ ನೀನು, ಆರರಲ್ಲಿ ನೀವು ಅಂತ ಕಲಸುಮೇಲೋಗರ ಆಗುತ್ತೆ.

ಹೆಜ್ಜೆ 7: ಊರು ಸುಳ್ಳಾಗಬಾರದು

ಪ್ರೀತಿ ಕಲ್ಪನೆ ಇರಲಿ, ಟೈಮ್‌ಟೇಬಲ್ ಕಲ್ಪನೆ ಬೇಡ. ಮಾಟುಂಗಾದಲ್ಲಿ ಫಾಸ್ಟ್ ನಿಲ್ಲಲ್ಲ, ಅಲ್ಲಿ ಫಾಸ್ಟ್ ಲೋಕಲಿಂದ ಹೀರೋಯಿನ್ ಇಳಿದ್ರೆ ಓದುಗರು ಅಲ್ಲೇ ಪುಸ್ತಕ ಮುಚ್ತಾರೆ. ಅದೇ ಸ್ಟೇಷನ್ನಲ್ಲಿ 2017ರಿಂದ ಸಿಬ್ಬಂದಿ ಎಲ್ಲಾ ಹೆಂಗಸರೇ ಇದ್ದಿದ್ದು, ಹೀರೋ ಟಿಕೆಟ್ ಇಲ್ದೇ ಸಿಕ್ಕಿಬಿದ್ರೆ ಯಾರ ಕೈಗೆ ಬೀಳ್ತಾನೆ ಅಂತ ಯೋಚಿಸಿ, ಒಂದು ತಮಾಷೆ ಸೀನು ಪುಕ್ಕಟೆ. ಭಾನುವಾರ ಹಳಿ ರಿಪೇರಿಗೆ ಅಂತ ಟ್ರೇನ್ ನಿಲ್ಲಿಸೋ ಮೆಗಾ ಬ್ಲಾಕ್ ಅನ್ನೋದು ಪ್ರೇಮಿಗಳ ಶತ್ರು ಕಾದಂಬರಿಕಾರರ ಮಿತ್ರ, ಲೇಟಾಗೋಕೆ ಆಕ್ಸಿಡೆಂಟ್ ಗೀಕ್ಸಿಡೆಂಟ್ ಬೇಕಾಗಲ್ಲ.

ಮಳೆ ತರುವಾಗ ಹುಷಾರು. ಜೂನಿಂದ ಸೆಪ್ಟೆಂಬರ್ ಅಂತ ಸುಮ್ನೆ ಮಳೆ ಆದ್ರೆ ಎಷ್ಟು ಬೇಕಾದ್ರೂ ಸುರಿಸಿ, ಸಯಾನ್ ಕುರ್ಲಾ ನಡುವೆ ಹಳಿ ಮೇಲೆ ನೀರು ನಿಲ್ಲಿಸಿ. ಆದ್ರೆ 2005ರ ಜುಲೈ 26 ಅಂತ ತಾರೀಕು ಹಾಕಿದ್ರೆ ಅದು ನಿಮ್ಮ ಮಳೆ ಅಲ್ಲ, ಸಾಂತಾಕ್ರೂಜಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಬಿದ್ದು ನೂರಾರು ಜನ ಸತ್ತ ದಿನ ಅದು, ಈ ಊರಲ್ಲಿ ಆಗ ಇದ್ದ ಪ್ರತಿಯೊಬ್ಬರಿಗೂ ತಾವೆಲ್ಲಿ ಸಿಕ್ಕಿಹಾಕ್ಕೊಂಡಿದ್ವಿ ಅಂತ ನೆನಪಿದೆ. ಹಗುರ ಪ್ರೇಮಕ್ಕೆ ಅಂಥ ದಿನ ಬೇಡ ಅಂತ ನನ್ನ ಅಭಿಪ್ರಾಯ.

ಕಥೆಯ ಕ್ಯಾಲೆಂಡರ್ ಒಂದು ಹಾಳೆಯಲ್ಲಿ ಬರ್ಕೊಳ್ಳಿ, ಚೌತಿ ಯಾವಾಗ, ನವರಾತ್ರಿ ಯಾವಾಗ, ಅಜ್ಜಿ ಬಂದಿದ್ದು ಯಾವಾಗ. ಚೌತಿ ಆಗಿ ಎರಡು ವಾರಕ್ಕೆ ಹೋಳಿ ಬರಬಾರದು.

ಹೆಜ್ಜೆ 8: ಮಧ್ಯದಲ್ಲಿ ನಿಂತುಹೋದಾಗ

ಎಲ್ಲರಿಗೂ ನಿಲ್ಲುತ್ತೆ, 9ರಿಂದ 13ನೇ ಅಧ್ಯಾಯದ ಒಳಗೆ. ಮೂಡ್ ಬರಲಿ ಅಂತ ಕಾದ್ರೆ ಮುಂದಿನ ಚೌತಿ ಬರುತ್ತೆ. ಕಾರಣ ಸಾಮಾನ್ಯವಾಗಿ ಒಂದೇ, ಇಬ್ಬರೂ ಭೇಟಿ ಆಗ್ತಾ ಇದಾರೆ ಮಾತಾಡ್ತಾ ಇದಾರೆ ಆದ್ರೆ ಯಾರಿಗೂ ಏನೂ ಕಳ್ಕೊಳ್ಳೋ ಭಯ ಇಲ್ಲ. ಆಗ ಬ್ಯಾಂಕಿಂದ ಇಎಂಐ ಮೆಸೇಜ್ ಬರಲಿ, ಹೋಟ್ಲು ನೋಡೋಕೆ ಪಾರ್ಟಿ ಬಂದು ಟೇಪ್ ಹಿಡಿದು ಅಳೀಲಿ. ಅಡ್ಡಿ ಹತ್ರ ಹತ್ರ ಬಂದಷ್ಟೂ ಇವರೂ ಹತ್ರ ಬರ್ತಾರೆ.

ಹೆಜ್ಜೆ 9: ತಿದ್ದೋದು

ಮುಗಿದ ಮೇಲೆ ಕನಿಷ್ಠ ಎರಡು ವಾರ ಮುಟ್ಟಬೇಡಿ. ಆಮೇಲೆ ಫೋನಿಗೇ ಓದೋಕೆ ಹೇಳಿ, ಆ ಮೆಷಿನ್ ದನಿಯಲ್ಲಿ ಭಾವ ಗೀವ ಏನೂ ಇರಲ್ಲ, ಹಾಗಿದ್ದೂ ಒಂದು ಸೀನು ಮನಸ್ಸಿಗೆ ತಟ್ಟಿದ್ರೆ ಅದು ನಿಜವಾಗ್ಲೂ ಚೆನ್ನಾಗಿದೆ ಅಂತ. ‘ಮುಗುಳ್ನಕ್ಕಳು’ ಎಷ್ಟು ಸಲ ಬಂದಿದೆ ಹುಡುಕಿ ನೋಡಿ, ಗಾಬರಿ ಆಗ್ತೀರಿ.

ಇಬ್ಬರಿಗೆ ಓದೋಕೆ ಕೊಡಿ, ಒಬ್ಬರು ಈ ಥರ ಕಥೆ ಮುಗಿಬಿದ್ದು ಓದೋರು, ಇನ್ನೊಬ್ಬರು ನಿಮ್ಮ ಹೀರೋ ಮಾಡೋ ಕೆಲಸ ಮಾಡೋರು. ಸಾಹಿತ್ಯ ಗೊತ್ತಿರೋರಿಗೆ ಮೊದಲೇ ಕೊಡಬೇಡಿ, ಅವರು ಹೆಂಗೂ ‘ಚೆನ್ನಾಗಿದೆ, ಆದ್ರೆ ಸ್ವಲ್ಪ ಗಂಭೀರವಾದದ್ದು ಬರೀರಿ’ ಅಂತಾರೆ. ಓದೋರು ಎಲ್ಲಿ ಸಿಗ್ತಾರೆ ಅಂದ್ರೆ, ಮಾಟುಂಗಾದಲ್ಲಿ 1926ರಿಂದ ಇರೋ ಮೈಸೂರ್ ಅಸೋಸಿಯೇಷನ್, ಆ ಕಡೆ ಪಶ್ಚಿಮಕ್ಕೆ ಕರ್ನಾಟಕ ಸಂಘ, ಉಪನಗರಗಳ ಕನ್ನಡ ಸಂಘಗಳು, ಕಾರ್ಯಕ್ರಮ ಮುಗಿದು ಟೀ ಕುಡಿಯುವಾಗ ಹಿಂದಿನ ಸಾಲಲ್ಲಿ ಕೂತ ಹೆಂಗಸರನ್ನ ಮಾತಾಡ್ಸಿ. ಅವರು ವಾರಪತ್ರಿಕೆ ಧಾರಾವಾಹಿ ಓದಿ ಬೆಳೆದೋರು, ಎಲ್ಲಿ ಬೋರಾಯ್ತು ಅಂತ ಮುಖಕ್ಕೆ ಹೇಳ್ತಾರೆ. ಹೇಳಿದ್ದನ್ನ ಬರ್ಕೊಳ್ಳಿ, ಅಲ್ಲೇ ವಾದ ಮಾಡಬೇಡಿ.

ಹೆಜ್ಜೆ 10: ಕಳಿಸೋದು, ಸಹಿ ಹಾಕೋದು

1965ರಿಂದ ಬರ್ತಿರೋ ಸುಧಾ, 1983ರಲ್ಲಿ ಶುರುವಾದ ತರಂಗ, ಇಂಥ ವಾರಪತ್ರಿಕೆಗಳ ಧಾರಾವಾಹಿಯೇ ಕನ್ನಡದಲ್ಲಿ ಜನಪ್ರಿಯ ಕಾದಂಬರಿಗೆ ಮನೆ ಮನೆಗೆ ದಾರಿ ಮಾಡಿದ್ದು. ಪತ್ರಿಕೆಗೆ ಕಳಿಸೋದಾದ್ರೆ ಪೂರ್ತಿ ಮುಗಿಸಿ ಕಳಿಸಿ, ಸಾರಾಂಶ ಒಂದು ಪುಟ, ಅದರಲ್ಲಿ ಕೊನೆಯನ್ನೂ ಹೇಳಿ, ‘ಮುಂದೇನಾಯಿತು ಓದಿ’ ಅಂತ ಸಂಪಾದಕರಿಗೆ ಆಟ ಆಡಿಸಬೇಡಿ. ಯೂನಿಕೋಡಲ್ಲಿ ಬೇಕೋ ನುಡಿ ಫಾಂಟಲ್ಲಿ ಬೇಕೋ ಅಂತ ಮೊದಲೇ ಕೇಳ್ಕೊಳ್ಳಿ. ಪ್ರತಿಲಿಪಿ ಥರದ ಆಪಲ್ಲಿ ಕಂತು ಕಂತಾಗಿ ಹಾಕೋದಾದ್ರೂ ಅರ್ಧವಾದ್ರೂ ಕೈಯಲ್ಲಿ ರೆಡಿ ಇಟ್ಕೊಂಡೇ ಶುರು ಮಾಡಿ, ಮಗಳ ಪರೀಕ್ಷೆ ಬಂದು ನಿಲ್ಲಿಸಿದ್ರೆ ಓದುಗರು ಬೇರೆಯೋರ ಹೀರೋ ಹಿಂದೆ ಹೋಗಿರ್ತಾರೆ. ಒಂದು ಕಡೆ ಪ್ರಕಟ ಆಗಿದ್ದನ್ನ ಎಷ್ಟೋ ಪತ್ರಿಕೆಗಳು ತಗೊಳ್ಳಲ್ಲ, ಹಾಗಾಗಿ ಮೊದಲು ಪತ್ರಿಕೆ, ಆಮೇಲೆ ಆಪು, ಪುಸ್ತಕ. ನೀವೇ ಪುಸ್ತಕ ಹಾಕೋದಾದ್ರೆ ಐಎಸ್‌ಬಿಎನ್, ಅಂದ್ರೆ ಪುಸ್ತಕದ ಗುರುತಿನ ನಂಬರು, ನಮ್ಮ ದೇಶದಲ್ಲಿ ಫ್ರೀ, ರಾಜಾ ರಾಮಮೋಹನ್ ರಾಯ್ ಹೆಸರಿನ ಸರ್ಕಾರಿ ಏಜೆನ್ಸಿ ಕೊಡುತ್ತೆ, ಅದಕ್ಕೆ ಅಂತ ಯಾರಾದ್ರೂ ದುಡ್ಡು ಕೇಳಿದ್ರೆ ಯಾಕೆ ಅಂತ ಕೇಳಿ.

ಕಾಂಟ್ರ್ಯಾಕ್ಟ್ ಬಂದ್ರೆ ಖುಷಿಯಲ್ಲಿ ಸಹಿ ಹಾಕಿ ಕಳಿಸಬೇಡಿ. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಹಕ್ಕು ಲೇಖಕರ ಜೀವಮಾನ ಪೂರ್ತಿ, ಆಮೇಲೆ 60 ವರ್ಷ. ಹಕ್ಕು ಬರೆದು ಕೊಡುವಾಗ ಎಷ್ಟು ವರ್ಷಕ್ಕೆ ಅಂತ ಕರಾರಲ್ಲಿ ಇಲ್ಲದಿದ್ರೆ 5 ವರ್ಷ ಅಂತ ಲೆಕ್ಕ, ಎಲ್ಲೆಲ್ಲಿಗೆ ಅಂತ ಇಲ್ಲದಿದ್ರೆ ಭಾರತಕ್ಕೆ ಮಾತ್ರ. ‘ಶಾಶ್ವತವಾಗಿ’, ‘ಎಲ್ಲಾ ಮಾಧ್ಯಮಗಳಲ್ಲಿ’ ಅನ್ನೋ ಪದ ಕಂಡ್ರೆ ಅಲ್ಲೇ ನಿಲ್ಲಿ, ಆಡಿಯೋ, ವೆಬ್ ಸೀರೀಸ್, ಅನುವಾದ ಒಂದೊಂದಕ್ಕೂ ಬೇರೆ ಬೇರೆ ಸಾಲು ಹಾಕಿಸಿ, ಮರಾಠಿ ಅನುವಾದದ ಹಕ್ಕಂತೂ ಈ ಊರಲ್ಲಿರೋರು ಬಿಟ್ಟುಕೊಡಲೇಬೇಡಿ. ಕಥೆ ಒಳಗೆ ಸಿನಿಮಾ ಹಾಡಿನ ಸಾಲು ಪೂರ್ತಿ ಹಾಕಿದ್ರೆ ಅದರ ಹಕ್ಕು ಬೇರೆಯೋರದ್ದು, ಹಾಡು ಕೇಳಿಸ್ತು ಅಂತ ಬರೆದು ಸುಮ್ನಿರಿ.

ಇನ್ನು ಕಾವ್ಯನಾಮ. ಆಫೀಸಲ್ಲಿ ಗೊತ್ತಾಗಬಾರದು, ಸೊಸೈಟಿ ವಾಟ್ಸಾಪ್ ಗ್ರೂಪಲ್ಲಿ ಗುಲ್ಲಾಗಬಾರದು ಅಂತ ಬೇರೆ ಹೆಸರಲ್ಲಿ ಬರೆಯೋರು ತುಂಬ ಜನ, ನಾನೂ ಹಾಗೇ. ಪುಸ್ತಕದ ಮೇಲೆ ಯಾವ ಹೆಸರು ಬೇಕಾದ್ರೂ ಇರಲಿ, ಕಾಂಟ್ರ್ಯಾಕ್ಟಲ್ಲಿ ಪ್ಯಾನ್ ಕಾರ್ಡಲ್ಲಿರೋ ಹೆಸರೇ ಬರೀರಿ, ಪಕ್ಕದಲ್ಲಿ ‘ಇವರ ಕಾವ್ಯನಾಮ ಇಂಥದ್ದು’ ಅಂತ ಸೇರಿಸಿ. ಇಲ್ಲಾಂದ್ರೆ ಚೆಕ್ಕು ಕಾವ್ಯನಾಮಕ್ಕೆ ಬರುತ್ತೆ, ಬ್ಯಾಂಕಲ್ಲಿ ಅಕೌಂಟು ಇರೋದು ನಿಮ್ಮ ಹೆಸರಲ್ಲಿ.